ತಿಕ್ಕದೆ ಉಳಿದ ಚಿಪ್ಪು

ಮಾಲ್ಟನ್, ಶನಿವಾರ
ಅಕ್ಟೋಬರ್ ೧೯೯೮

ಮೇಲಿನ ಮನೆಯ ನೀಲಕ್ಕನವರಿಗೆ,

ನೀವು ಶಿಫ್ಟಿಗೆ ಹೋಗಿದ್ದೀರಿ. ಸಂಜೆಯವರೆಗೆ ತಡೆಯಲಾಗದೆ ಇದನ್ನು ಬಾಗಿಲಿಗೆ ಸಿಕ್ಕಿಸುತ್ತಿದ್ದೇನೆ.

“ಏನ್ ಗಬ್ಬ ನಾರತೈತವಾ!” ಎಂದು ನನ್ನ ಬಕೆಟ್ಟಿನ ಸಿಂಪಿ ಚಿಪ್ಪುಗಳನ್ನು ನೀವು ತಿಕ್ಕಿ ತೊಳೆದಿರಲ್ಲ, ಬೇರೆ ದಾರಿಯಿಲ್ಲದೆ ಅವನ್ನೇ ಲ್ಯಾಬಿನ ಉಪ್ಪುನೀರಿಗೆ ಹಾಕಿದೆ. ಅಕ್ಕಾ, ಈಜಾಡುವ ಸಿಂಪಿ ಮರಿಗಳು ಅವನ್ನು ಮೂಸಿಯೂ ನೋಡಲಿಲ್ಲ! ನಿಮ್ಮ ಕಣ್ತಪ್ಪಿ ಉಳಿದಿದ್ದ ಒಂದೇ ಲೋಳೆ ಚಿಪ್ಪಿಗೆ ಮುತ್ತಿ, ಅಂಟಿ ಕೂತಿವೆ! ತಮ್ಮವರು ಬಾಳಿದ ವಾಸನೆ ನೀರಲ್ಲಿ ಬಂದರಷ್ಟೇ ಅವು ನೆಲೆ ನಿಲ್ಲುತ್ತವೆ.

ನಾಳೆ ಇನ್ನಷ್ಟು ಚಿಪ್ಪು ತರುತ್ತೇನೆ. ಹೋಲಿಸಿ ನೋಡಲು, ದಯವಿಟ್ಟು ಅರ್ಧದಷ್ಟನ್ನು ಮೊದಲಿನಂತೆಯೇ ತಿಕ್ಕಿಕೊಡಿ, ಉಳಿದವನ್ನು ಮುಟ್ಟಬೇಡಿ.

ಸಿಟ್ಟಿನಲ್ಲಿ ಬೇಸ್‌ಮೆಂಟು ಖಾಲಿ ಮಾಡುತ್ತೇನೆ ಎಂದದ್ದನ್ನು ಮರೆತುಬಿಡಿ. ನಾನು ಈ ಮನೆ ಹಿಡಿದದ್ದೂ ಮೆಟ್ಟಿಲಿಗೆ ಬಂದ ನಿಮ್ಮ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೇ.

ಇಂತಿ, ಕೆಳಗಿನ ಮನೆಯ
ಸುಲಕ್ಷಣಾ