ಅಲಾಯಿ ಕುಣಿಗೆ ಸುರಿದ ಸಿಮೆಂಟು

ಬೆಣಚಿಗುಡ್ಡ,
ಫೆಬ್ರವರಿ 30, 2189

ಮಹನೀಯರೇ, ಮಹಿಳೆಯರೇ,

2046ನೇ ಇಸವಿಯಲ್ಲಿ, ಮೊಹರಂ ಹಬ್ಬ ಇನ್ನೇನು ಶುರುವಾಗಬೇಕು ಎನ್ನುವಾಗ, ಕೊಪ್ಪಳ ಸೀಮೆಯ ನಮ್ಮೂರಿನಲ್ಲಿ ಪೀರಲ ದೇವರ ಗುಡಿಯ ಮುಂದಿನ ಅಲಾಯಿ ಕುಣಿಗೆ ಸಿಮೆಂಟು ಸುರಿದು ಮುಚ್ಚಲಾಯಿತು. ಆ ಗುಂಡಿಯಲ್ಲಿ ಬೆಂಕಿ ಮಾಡಿ, ಅದರ ಸುತ್ತ ಹಿಂದೂ ಮುಸ್ಲಿಮರೆನ್ನದೆ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಿದ್ದರು. ಮುಚ್ಚಿಸಿದ್ದು ಕಾನೂನು. ಕಾನೂನಿಗೆ ಕಾರಣ ಒದಗಿಸಿದ್ದು ಸಮಾಜಶಾಸ್ತ್ರ. ಆ ಕೆಲಸ ಮಾಡಲಿರುವವರು ಈಗ ನಿಮ್ಮ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಆದ್ದರಿಂದ ಈ ಪತ್ರ ನಿಮಗೆ.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಬಹಳ ಕಾಲವಾಯಿತು. ನನ್ನ ಕೆಲವು ಶಬ್ದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಪತ್ರವನ್ನು ತಂದದ್ದು ಹಿನ್ನಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದಕ್ಕೆ ನ್ಯಾಯಕಟ್ಟೆಯ ಅಪ್ಪಣೆ ಬೇಕು. ನ್ಯಾಯಕಟ್ಟೆ ನಮ್ಮ ಕೋರ್ಟು. ಬಿಸಿಲಿನ ದೆಸೆಯಿಂದ ಬೆಳಗಿನ ಜಾವಕ್ಕೇ ಸೇರಿ, ನೆರಳುಬಂಡಿಗಳು ಬೀದಿಗಿಳಿಯುವ ಹೊತ್ತಿಗೆ ಮುಗಿಯುತ್ತದೆ. ನೆರಳುಬಂಡಿ ಎಂದರೆ ಅಗಲವಾದ ಚಾವಣಿ ಹೊತ್ತು ಮೆಲ್ಲಗೆ ಸಾಗುವ ಗಾಡಿ. ಸಂತೆಗೆ ಹೋಗುವವರೆಲ್ಲ ಅದರ ಅಡಿಯಲ್ಲೇ ನಡೆಯಬೇಕು. ಜಗಳವಾದರೆ ಒಬ್ಬರು ಬಿಸಿಲಿಗೆ ಹೋಗಬೇಕಾಗುತ್ತದೆ, ಹಾಗಾಗಿ ನಮ್ಮಲ್ಲಿ ಜಾತಿ ಕೇಳಿ ದೂರ ಸರಿಯುವ ಚಟ ತಾನಾಗಿಯೇ ಕಡಿಮೆಯಾಗಿದೆ. ನಮ್ಮ ಕಾನೂನಿನಲ್ಲಿ ಮರುನುಡಿ ಎಂಬ ಒಂದು ಕ್ರಮವಿದೆ. ಸಾಕ್ಷಿ ಹೇಳಿದ ಮಾತನ್ನು ನ್ಯಾಯಾಧೀಶರು ಆತನಿಗೇ ತಿರುಗಿ ಹೇಳಬೇಕು. "ಹೌದ್ರಿ, ನಾ ಅಂದಿದ್ದು ಅದ" ಎಂದು ಸಾಕ್ಷಿ ಒಪ್ಪುವ ತನಕ ಅದನ್ನು ಬರೆದುಕೊಳ್ಳುವಂತಿಲ್ಲ. ಈ ಕ್ರಮ ಹುಟ್ಟಿದ್ದೇ ನಮ್ಮೂರಿಗೆ ಆದ ಅನ್ಯಾಯದಿಂದ.

ಜನರ ನಂಬಿಕೆಗೆ ರಕ್ಷಣೆ ಕೊಡುತ್ತೇವೆಂದು ಒಂದು ಕಾಯ್ದೆ ಬಂತು. ಓದಿದರೆ ಯಾರೂ ಬೇಡವೆನ್ನಲಾರದ ಕಾಯ್ದೆ. ಪ್ರತಿ ಪೂಜಾಸ್ಥಳಕ್ಕೂ ನಂಬುವವರು ಇದ್ದಾರೆಯೇ, ಇದ್ದರೆ ಯಾವ ಧರ್ಮದವರು ಎಂದು ವಿಚಾರಿಸಲು ವಿದ್ವಾಂಸರ ಆಯೋಗವೊಂದು ಊರೂರು ತಿರುಗಿತು. ನಮ್ಮೂರಲ್ಲಿ ಅವರು ಮೊದಲು ಮಾತಾಡಿಸಿದ್ದು ಹುಲಿಗೆವ್ವನನ್ನು, ನನ್ನ ಮುತ್ತಜ್ಜಿಯ ಅಜ್ಜಿಯನ್ನು. ಆ ವಿಚಾರಣೆಯ ಧ್ವನಿಮುದ್ರಣ ಉಳಿದಿದೆ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕವಿಲ್ಲ.

"ಅಜ್ಜಿ, ನೀವು ಪೀರಲ ದೇವರನ್ನು ನಂಬುತ್ತೀರಾ?" ಎನ್ನುತ್ತಾನೆ ಆಯೋಗದ ಯುವಕ.

"ನಂಬೂದು ಎಲ್ಲಿ ಬಂತೋ ತಮ್ಮಾ? ನಂಬೂದು ಬಿಡೂದು ಕಿರಾಣಿ ಅಂಗಡ್ಯಾಂವಂದು. ಇದು ದೇವರು. ನಾವು ನಡಕೋತೀವಿ."

ಪಕ್ಕದಲ್ಲಿ ನಗುವುದು ದೇವರ ಸೇವೆಯಲ್ಲಿದ್ದ ಮುಜಾವರ ಖಾದರಸಾಬ. "ಏ ಹುಲಿಗೆವ್ವ, ಸಾಹೇಬ್ರಿಗೆ ತಿಳಿಯೂ ಹಂಗ ಹೇಳ."

"ಹತ್ತು ದಿನ ಚಪ್ಪಲಿ ಮೆಟ್ಟಂಗಿಲ್ಲ, ಹಾಸಿಗಿ ಮ್ಯಾಲ ಮಲಗಂಗಿಲ್ಲ. ಇದರಾಗ ತಿಳೀಲಾರದ್ದು ಏನೈತಿ?"

"ಹಾಗಾದರೆ, ನಂಬುವುದಿಲ್ಲ ಎಂದು ಬರೆದುಕೊಳ್ಳಲೇ?"

"ಬರಕೋ ಯಪ್ಪಾ. ಪೆನ್ನೂ ನಿಂದ, ಕೈನೂ ನಿಂದ."

ಎಲ್ಲರೂ ನಕ್ಕರು. ಆತ ಬರೆದುಕೊಂಡ.

ನಡೆದುಕೊಳ್ಳುವುದು ಎಂದರೇನೆಂದು ನಿಮಗೆ ನಾನು ಹೇಳಬೇಕೇ? ಹೊಸ ಬೀಗರು ಮನೆಗೆ ಬಂದರೆ "ನೀವು ಯಾವ ದೇವರಿಗೆ ನಡಕೋತೀರಿ" ಎಂದೇ ಕೇಳುತ್ತಾರೆ. ಯಾವ ದೇವರನ್ನು ನಂಬುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹರಕೆ, ಉಪವಾಸ, ಮಗುವಿಗಿಡುವ ಹೆಸರು, ನೆರೆಯವರೊಂದಿಗೆ ಇರುವ ರೀತಿ, ಇವೆಲ್ಲ ಆ ಒಂದು ಮಾತಿನಲ್ಲಿ ಅಡಗಿವೆ. ಆದರೆ ವರದಿ ಸಿದ್ಧವಾದದ್ದು ಇಂಗ್ಲಿಷಿನಲ್ಲಿ. ಅಲ್ಲಿ "ನಡಕೋತೀವಿ" ಎಂಬುದು "ವರ್ತಿಸುತ್ತೇವೆ" ಎಂದಾಯಿತು. ಈ ಊರಿನಲ್ಲಿ ವರ್ತನೆ ಇದೆ, ನಂಬಿಕೆ ಇಲ್ಲ ಎಂದು ವಿದ್ವಾಂಸರು ತೀರ್ಮಾನಿಸಿದರು. ಕಾಯ್ದೆ ರಕ್ಷಿಸುವುದು ನಂಬಿಕೆಯನ್ನು ಮಾತ್ರ, ನಂಬುವವರಿಲ್ಲದ ಸ್ಥಳವನ್ನು ಮುಚ್ಚಬೇಕು ಎಂದರು ನ್ಯಾಯಾಧೀಶರು. ಎರಡೂ ಧರ್ಮಗಳ ಪಂಡಿತರು ಅಪರೂಪಕ್ಕೆ ಒಂದಾಗಿ, ಈ ಕುಣಿ ನಮ್ಮದಲ್ಲ ಎಂದು ಸಹಿ ಹಾಕಿದರು. ಯಾರೂ ಹುಲಿಗೆವ್ವನ ಬಳಿ ಹೋಗಿ, ನಿನ್ನ ಮಾತಿನ ಅರ್ಥ ಇದೇನಾ ಎಂದು ಕೇಳಲಿಲ್ಲ. ಸಿಮೆಂಟಿನ ಗಾಡಿ ಬಂದಾಗ ಆಕೆ ಕೇಳಿದಳಂತೆ: "ನಗಚಾಟಿಕಿ ಮಾತಿಗೂ ಸಿಮೆಂಟ್ ಹಾಕ್ತಾರೇನೋ ಖಾದರ?"

ಅಂದಿನಿಂದ ನಮ್ಮೂರವರು ಪ್ರತಿ ಮೊಹರಮಿಗೂ ಬೆಂಕಿಯಿಲ್ಲದ ಆ ಸಿಮೆಂಟಿನ ಸುತ್ತ ಹೆಜ್ಜೆ ಹಾಕುತ್ತಲೇ ಬಂದಿದ್ದಾರೆ. ಅಂಚು ಸವೆದು ದುಂಡಗೆ ಗಾಡಿಜಾಡಿನಂತೆ ತಗ್ಗು ಬಿದ್ದಿದೆ. ಮಳೆಯಾದರೆ ಅದರಲ್ಲಿ ನೀರು ನಿಲ್ಲುತ್ತದೆ. ಅದು ವರ್ತನೆಯೋ ನಂಬಿಕೆಯೋ, ನಿಮ್ಮ ವಿದ್ವಾಂಸರು ಬಂದು ಅಳೆಯಲಿ.

ಈಗ ಕುಣಿ ತೆರೆಯಬೇಕೆಂದು ಊರೇ ಅರ್ಜಿ ಹಾಕಿದೆ. ನಾವು ಗೆಲ್ಲುತ್ತೇವೆ, ನನಗೆ ಅನುಮಾನವಿಲ್ಲ. ಬನ್ನಿಕಟ್ಟಿಗೆಯನ್ನು ಆಗಲೇ ಒಟ್ಟಿದ್ದೇವೆ. ಆದರೆ ಹಳೆಯ ತೀರ್ಪನ್ನು ಅಳಿಸುವ ಮೊದಲು ಆ ಕಾಲದವರ ಮಾತನ್ನೂ ಕೇಳಬೇಕೆಂಬುದು ನಮ್ಮ ಕಾನೂನು. ನೀವು ನಮಗೆ ಕೊಡದ ಅವಕಾಶವನ್ನು ನಾವು ನಿಮಗೆ ಕೊಡುತ್ತಿದ್ದೇವೆ. ತಡಮಾಡಬೇಡಿ. ಖಾದರಸಾಬನ ವಂಶದ ಮೆಹಬೂಬಿ ಈಗ ದೇವರ ಸೇವೆಯಲ್ಲಿದ್ದಾಳೆ. ಬಹಳ ವಯಸ್ಸಾಗಿದೆ. "ನಾ ಹೋಗೂದರಾಗ ಒಮ್ಮೆ ಕುಣ್ಯಾಗ ಬೆಂಕಿ ನೋಡಬೇಕಲೇ ಮೌಲ್ಯಾ" ಎನ್ನುತ್ತಾಳೆ ನನಗೆ.

ಗುಟ್ಟಾಗಿ ಕೊಡುವ ಉತ್ತರ ಬೇಡ. ನಿಮ್ಮ ಪತ್ರಿಕೆಗಳ ಓದುಗರ ಪತ್ರಗಳು ನಮ್ಮ ಗ್ರಂಥಾಲಯದಲ್ಲಿ ಇಂದಿಗೂ ಇವೆ. ಅಲ್ಲಿ ಹೆಸರು, ಊರು ಹಾಕಿ ಬರೆಯಿರಿ: ನಂಬಿಕೆ ಎಂದು ನೀವು ಯಾವುದನ್ನು ಕರೆಯುತ್ತೀರಿ? ಹುಲಿಗೆವ್ವನಲ್ಲಿ ಅದು ಇರಲಿಲ್ಲವೆಂದು ಹೇಳುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ನಿಮ್ಮ ಉತ್ತರವನ್ನು ನ್ಯಾಯಕಟ್ಟೆಯ ಮೇಲೆ ಎಲ್ಲರ ಮುಂದೆ ಓದುವವನು ನಾನೇ. ಮೆಹಬೂಬಿ ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ. ಆಕೆಗೆ ಕಿವಿ ಮಂದ. ಗಟ್ಟಿಯಾಗಿ ಓದುವಂಥ ಉತ್ತರವನ್ನೇ ಬರೆಯಿರಿ.

ಮೌಲಪ್ಪ ಕವಲೂರ