ಸಂಜೆಗೆ, ಸಂಜೆಗೂ

ಶನಿವಾರ, ಸಂಜೆ ಆರು ಗಂಟೆ

ಪ್ರೀತಿಯ ಅಕ್ಕನಿಗೆ,

ಈಗ ತಾನೇ ಕೆಲಸದಿಂದ ಬಂದು, ಕೈಕಾಲು ತೊಳೆದು ಕೂತಿದ್ದೇನೆ. ಇವತ್ತು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದಿನವಿಡೀ ದಿಂಬಿನ ಚೀಲಗಳದ್ದೇ ರಾಶಿ. ಹರಿದದ್ದಕ್ಕೆ ತೇಪೆ ಹಾಕಿದೆ, ತೇಪೆಯೂ ಹರಿದದ್ದನ್ನು ನೆಲ ಒರೆಸುವುದಕ್ಕೆಂದು ಎತ್ತಿಟ್ಟೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ ಎಂದು ಬೈಯಬೇಡ. ಬರೆಯಲು ಕೂತರೆ ಮೊದಲ ಸಾಲಿಗೇ ಮಗನ ಹೆಸರು ಬರುತ್ತಿತ್ತು, ಪೆನ್ನು ಅಲ್ಲೇ ನಿಂತುಬಿಡುತ್ತಿತ್ತು. ನಿನ್ನ ಮಂಡಿನೋವು ಹೇಗಿದೆ? ಭಾವ ಕೋಲು ಹಿಡಿಯಲು ಒಪ್ಪಿದರಾ, ಇಲ್ಲ ಈಗಲೂ ಹಟವೇ?

ಸುದ್ದಿ ಏನೆಂದರೆ, ನಾಳೆ ನನ್ನ ಸೊಸೆಯ ಮದುವೆ. ಈ ಸಾಲನ್ನು ಬರೆದು ಮತ್ತೆ ಮತ್ತೆ ಓದಿಕೊಂಡೆ. ತಪ್ಪೇನೂ ಇಲ್ಲ, ಆದರೂ ಎಲ್ಲೋ ಕಾಗುಣಿತ ತಪ್ಪಿದ ಹಾಗೆ ಕಾಣುತ್ತದೆ. ಮಗ ಹೋಗಿ ಮೂರು ವರ್ಷವಾಯಿತು. ಅವಳಿಗಿನ್ನೂ ಚಿಕ್ಕ ವಯಸ್ಸು. ಹುಡುಗ ಅವಳ ಕಚೇರಿಯವನೇ, ಒಳ್ಳೆಯವನಂತೆ. "ಇನ್ನೊಂದು ಮದುವೆ ಮಾಡಿಕೋ" ಎಂದು ಮೊದಲು ಹೇಳಿದವಳೂ ನಾನೇ. ಅದರಲ್ಲಿ ನನಗೆ ಗೊಂದಲವಿಲ್ಲ. ಗೊಂದಲ ಇರುವುದು, ನಾನು ಬೆಳಿಗ್ಗೆ ಮದುವೆಗೆ ಹೋಗಬೇಕೋ, ಸಂಜೆ ಆರತಕ್ಷತೆಗೆ ಹೋಗಬೇಕೋ ಎಂಬುದರಲ್ಲಿ.

ಕಾರ್ಡು ಅಂಚೆಯಲ್ಲಿ ಬಂತು. ಬೆಳಿಗ್ಗೆ ಹತ್ತಕ್ಕೆ ಮದುವೆ, ಸಂಜೆ ಆರತಕ್ಷತೆ ಎಂದು ಎರಡೂ ಅದರಲ್ಲಿದೆ. ಆದರೆ ಎಲ್ಲರಿಗೂ ಹೋಗಿರುವುದು ಅದೇ ಕಾರ್ಡು. ಬಾಯಲ್ಲಿ ಹೇಗೆ ಕರೆದರು ಅನ್ನುವುದೇ ಮುಖ್ಯ ಅಲ್ಲವೇ? ಬುಧವಾರ ನಾನು ಕೆಲಸದಲ್ಲಿದ್ದಾಗ ಅವಳ ಫೋನ್ ಬಂತು. ಪಕ್ಕದಲ್ಲೇ ಹೊಲಿಗೆ ಯಂತ್ರದ ಸದ್ದು. "ಸಂಜೆಗೆ ಬನ್ನಿ" ಎಂದಳೋ, "ಸಂಜೆಗೂ ಬನ್ನಿ" ಎಂದಳೋ, ಸರಿಯಾಗಿ ಕೇಳಿಸಲಿಲ್ಲ. "ಸಂಜೆಗೂ" ಅಂದರೆ, ಬೆಳಿಗ್ಗೆ ಹೇಗೂ ಇರುತ್ತೀರಿ, ಸಂಜೆಯೂ ಇರಿ ಎಂದರ್ಥ. "ಸಂಜೆಗೆ" ಅಂದರೆ ಬೆಳಿಗ್ಗೆ ಬೇಡ ಎಂದರ್ಥ. ಕೊನೆಯ ಒಂದಕ್ಷರಕ್ಕಾಗಿ ಅವತ್ತಿನಿಂದ ನಿದ್ದೆಗೆಟ್ಟಿದ್ದೇನೆ.

ನಮ್ಮ ಕೋಣೆಯಲ್ಲಿ ಬಟ್ಟೆ ಮಡಿಸುವವಳೊಬ್ಬಳಿದ್ದಾಳೆ. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಎಲ್ಲರೂ ಅವಳನ್ನು ರೇಡಿಯೊ ಎನ್ನುತ್ತಾರೆ. ಅವಳನ್ನು ಕೇಳಿದೆ.

"ಅಯ್ಯೋ, ಇದರಲ್ಲೇನಿದೆ? ಬೆಳಿಗ್ಗೆ ಮನೆಯವ್ರಿಗೆ, ಸಂಜೆ ಗುರುತಿನವ್ರಿಗೆ. ನೀನು ಯಾವುದು ಹೇಳು," ಎಂದಳು.

"ಅದೇ ಗೊತ್ತಿದ್ದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

"ಹಾಗಾದ್ರೆ ಸಂಜೆಗೇ ಹೋಗು. ಬೆಳಿಗ್ಗೆ ನಿನ್ನ ಮುಖ ನೋಡಿ ಅವಳು ಅತ್ತುಬಿಟ್ರೆ? ಪಾಪ, ಫೋಟೋ ಎಲ್ಲಾ ಕೆಟ್ಟುಹೋಗುತ್ತೆ."

ಹೊಲಿಗೆ ಮಾಸ್ಟರು ಯಂತ್ರ ನಿಲ್ಲಿಸಿದರು. "ಬೆಳಿಗ್ಗೆ ಹೋಗದಿದ್ರೆ ಮುನಿಸ್ಕೊಂಡಿದಾರೆ ಅಂತಾರಮ್ಮ. ಹೋದ್ರೆ, ಇವರ್ಯಾಕೆ ಬಂದ್ರು ಅಂತಾರೆ. ನೀವು ಸುಮ್ನೆ ಮಧ್ಯಾಹ್ನ ಹೋಗಿ. ಆಗ ಎಲ್ಲರೂ ಊಟ ಮಾಡಿ ತೂಕಡಿಸ್ತಿರ್ತಾರೆ, ಯಾರೂ ಏನೂ ಅನ್ನಲ್ಲ."

ರೇಡಿಯೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ನೋಡಿದರೆ ಎರಡು ದಿಂಬಿನ ಚೀಲಗಳನ್ನು ಬಾಯಿಗೆ ಬಾಯಿ ಸೇರಿಸಿ ಹೊಲಿದುಬಿಟ್ಟಿದ್ದೆ. ಬಿಚ್ಚುವಷ್ಟರಲ್ಲಿ ಸಾಕಾಯಿತು.

ನೀನಾಗಿದ್ದರೆ "ಫೋನ್ ಮಾಡಿ ಕೇಳೇ, ಪೆದ್ದಿ" ಅನ್ನುತ್ತಿದ್ದೆ. ಕೇಳಬಹುದು. ಕೇಳಿದರೆ ಅವಳು "ಬೆಳಿಗ್ಗೆಯೇ ಬನ್ನಿ" ಎಂದೇ ಅನ್ನುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತು. ಆದರೆ ನಾನು ಕೇಳಿದ್ದಕ್ಕೆ ಕರೆದಳೋ, ತಾನಾಗಿ ಕರೆದಳೋ ಎಂಬುದು ಆಮೇಲೆ ಎಂದಿಗೂ ತಿಳಿಯುವುದಿಲ್ಲ.

ಮಗ ಹೋದ ಮೇಲೂ ಒಂದು ವರ್ಷ ಅವಳು ನನ್ನ ಜೊತೆಗೇ ಇದ್ದಳಲ್ಲ, ಆಗಿನದು ನೆನಪಾಗುತ್ತದೆ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನಲ್ಲಿ ನಿಲ್ಲುವವರೆಗೂ ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾಡುತ್ತಿದ್ದೆ, ನನಗೆ ಏನೂ ಕೇಳಿಸುತ್ತಿಲ್ಲ ಎಂದು ಅವಳು ತಿಳಿದುಕೊಳ್ಳಲಿ ಎಂದು. ಅದರ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಲಿಲ್ಲ. ಅಂಥವಳ ಮದುವೆಯಲ್ಲಿ ನಾನು ಗುರುತಿನವಳೇ?

ಬೆಳಿಗ್ಗೆ ಹೋದರೂ ಎಲ್ಲಿ ಕೂರಲಿ? ಹೆಣ್ಣಿನ ಕಡೆ ಕೂತರೆ ಅವಳ ಅಮ್ಮನಿಗೆ ಮುಜುಗರ. ನಾನು ಗಂಡಿನ ಕಡೆಯವಳು ಅಕ್ಕ, ಆದರೆ ಈ ಗಂಡಿನ ಕಡೆಯವಳಲ್ಲ. ಯಾರಾದರೂ "ನೀವು ಹುಡುಗಿಗೆ ಏನಾಗಬೇಕು?" ಎಂದರೆ ಏನು ಹೇಳುವುದು? ಸಂಜೆಯಾದರೆ ಸಾಲಿನಲ್ಲಿ ನಿಂತು, ಉಡುಗೊರೆ ಕೊಟ್ಟು, ನಕ್ಕು, ಕೆಳಗಿಳಿದು ಬರಬಹುದು. ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಸುಲಭ. ಅಷ್ಟು ಸುಲಭವಾಗಿರುವುದಕ್ಕೇ ಏನೋ, ಮನಸ್ಸು ಒಪ್ಪುತ್ತಿಲ್ಲ.

ಇದು ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹಾಗಾಗಿ ಸಲಹೆ ಕೇಳುತ್ತಿಲ್ಲ, ಸುಮ್ಮನೆ ಹೇಳಿಕೊಳ್ಳುತ್ತಿದ್ದೇನೆ. ನಿನ್ನ ಮೊಮ್ಮಗಳಿಗೆ ನನ್ನ ಮುತ್ತು. ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ, ಅಜ್ಜಿಯ ಮಾತು ಕೇಳಲಿ. ನೀನೂ ಭಾವನೂ ಆರೋಗ್ಯವಾಗಿರಿ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಹೊಲಿಗೆ ಯಂತ್ರದ ಸದ್ದು ಎಂದು ಬರೆದೆನಲ್ಲ, ಆ ಸದ್ದಿನಲ್ಲೇ ದಿನವೂ ಎಲ್ಲರ ಮಾತೂ ನನಗೆ ಕೇಳಿಸುತ್ತದೆ. ಅವಳು ಯಾವಾಗ ಫೋನ್ ಮಾಡಿದರೂ "ಅತ್ತೆ, ಊಟ ಆಯ್ತಾ?" ಎಂದೇ ಶುರು ಮಾಡುವವಳು. ಅವತ್ತು "ಹಲೋ, ನಾನು" ಎಂದಳು. ಆಮೇಲೂ ನನ್ನನ್ನು ಏನೆಂದೂ ಕರೆಯಲಿಲ್ಲ. ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಆ ಒಂದು ಮಾತಿಗೇ ಕಿವಿಗೊಟ್ಟು ಕೂತಿದ್ದೆ. ಅಷ್ಟರಲ್ಲಿ ಸಂಜೆಯ ಮಾತು ದಾಟಿಹೋಗಿತ್ತು. ಅವಳ ತಪ್ಪಲ್ಲ. ನಾಳೆಯಿಂದ ಹಾಗೆ ಕರೆಯುವುದಕ್ಕೆ ಅವಳಿಗೆ ಇನ್ನೊಬ್ಬರಿದ್ದಾರೆ. ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಅವಳೂ ಆ ಕಡೆ ತಡಕಾಡುತ್ತಿದ್ದಳೋ ಏನೋ, ಪಾಪ.

ನಾಳೆ ಭಾನುವಾರ, ಬಸ್ಸು ಕಡಿಮೆ. ಬೆಳಗಿನ ಎಂಟು ಗಂಟೆಯದಕ್ಕೆ ಹೊರಡುತ್ತೇನೆ.