ಹಸಿರು ಎಲೆ ಅಂಟಿಸಿದ ರೊಟ್ಟಿ

ಹೋಟೆಲುಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಊರೂರಿಗೂ ಶಾಖೆ ಇರುವ ಹೋಟೆಲೊಂದು ಶಹಾಬಾದಿನಲ್ಲಿ ತೆರೆದಿದೆ. ಅಲ್ಲಿನ 'ಆರೋಗ್ಯ ಥಾಲಿ'ಗೆ ನಿಮ್ಮ ಕಚೇರಿ ಹಸಿರು ಎಲೆಯ ಗುರುತು ಕೊಟ್ಟಿದೆ. 'ಜೋಳದ ರೊಟ್ಟಿ, ಸಕ್ಕರೆ ಕಾಯಿಲೆಯವರಿಗೂ ಸೂಕ್ತ' ಎಂಬ ಬರಹದ ಪಕ್ಕದಲ್ಲೇ ನಿಮ್ಮ ಮೊಹರಿದೆ. ಆ ರೊಟ್ಟಿಯಲ್ಲಿ ಇರುವುದು ಬಹುಪಾಲು ಮೈದಾ. ನಿಮ್ಮನ್ನು ನಂಬಿ ಅದನ್ನು ತಿಂದವಳು ವಾಡಿಯಲ್ಲಿರುವ ನನ್ನ ಅಕ್ಕ ನೀಲಾಬಾಯಿ.

ಸಕ್ಕರೆ ಕಾಯಿಲೆಯಿರುವ ಅಕ್ಕನ ಕಾಲಿನ ಹೆಬ್ಬೆರಳಿಗೆ ಗಾಯವಾಗಿದೆ. ಪಟ್ಟಿ ಕಟ್ಟಿಸಲು ದಿನ ಬಿಟ್ಟು ದಿನ ಅವಳನ್ನು ಶಹಾಬಾದಿಗೆ ಕರೆದೊಯ್ಯುತ್ತೇನೆ. ಮಧ್ಯಾಹ್ನದ ಊಟ ಅದೇ ಹೋಟೆಲಿನಲ್ಲಿ ಆಗುತ್ತಿತ್ತು. ಮೊದಲ ದಿನವೇ ಅವಳು ರೊಟ್ಟಿ ಹರಿದು ನೋಡಿ, "ಇದು ಜ್ವಾಳದ್ದಲ್ಲಪಾ. ಬಡದ ರೊಟ್ಟಿ ಹಿಂಗ ಎಳದರ ಹಿಗ್ತದೇನು?" ಎಂದಳು. ಬಡಿಸುವ ಜಿಲಾನಿ ನಕ್ಕ. "ಆಯಿ, ಗ್ವಾಡಿ ಮ್ಯಾಲ ಎಲಿ ನೋಡ್ರಿ, ಸರಕಾರದ್ದದ. ನಿಮ್ಮ ಬೆರಳಿಗಿ ಸರಕಾರ ಮೊಹರ್ ಹೊಡದದೇನ್ರಿ?" ಅಕ್ಕನೂ ನಕ್ಕಳು. ಜೀವನವಿಡೀ ರೊಟ್ಟಿ ಬಡಿದ ತನ್ನ ಕೈಗಿಂತ ನಿಮ್ಮ ಎಲೆಯನ್ನೇ ನಂಬಿ ಉಂಡಳು. ಅವಳು ಮಾಡಿದ ತಪ್ಪು ಇದೊಂದೇ.

ಸಕ್ಕರೆ ಏರಿತು, ಗಾಯ ಮಾಯಲಿಲ್ಲ. ಹೀಗೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ವೈದ್ಯರು ಹೇಳಿದರು. ಮನೆಯಲ್ಲಿ ಸಂಶಯ ಬಿದ್ದದ್ದು ಅಕ್ಕನ ಮೇಲೆ. "ಅತ್ತಿ, ಖರೇ ಹೇಳ್ರಿ, ಕದ್ದು ಬೆಲ್ಲ ತಿನ್ಲಿಕತ್ತೀರಿಲ್ಲ?" ಎಂದು ಸೊಸೆ ಬಸವೇಶ್ವರಿ ಕೇಳಿದಳು. "ಲಿಂಗದ ಆಣಿ, ಮುಟ್ಟಿಲ್ಲವ್ವ" ಎಂದಳು ಅಕ್ಕ. ಮರುದಿನ ಬೆಲ್ಲದ ಡಬ್ಬಿಗೆ ಬೀಗ ಬಿತ್ತು. ಸೊಸೆಯದು ಕಾಳಜಿ, ಬಲ್ಲೆ. ಆದರೆ ಆ ಬೀಗ ಹಾಕಿಸಿದವರು ಯಾರು, ಮಾನ್ಯರೇ?

ನಮ್ಮ ಕಡೆ ಉಳಿದ ರೊಟ್ಟಿಯನ್ನು ಎಸೆಯುವುದಿಲ್ಲ, ಒಣಗಿಸಿ ಖಡಕ್ ರೊಟ್ಟಿ ಮಾಡುತ್ತೇವೆ. ಹೋಟೆಲಿನಲ್ಲಿ ಉಳಿದದ್ದನ್ನು ಅಕ್ಕ ಸೆರಗಿಗೆ ಕಟ್ಟಿಕೊಂಡು ಬಂದು ಬಿಸಿಲಿಗೆ ಹಾಕಿದಳು. ಜೋಳದ್ದಾಗಿದ್ದರೆ ಹಪ್ಪಳದಂತೆ ಮುರಿಯಬೇಕಿತ್ತು. ಅದು ಚಪ್ಪಲಿಯ ಅಟ್ಟೆಯಂತೆ ಬಾಗಿತು. ಅದನ್ನೇ ಹಿಡಿದು ನಾನು ಹೋಟೆಲಿನ ಮ್ಯಾನೇಜರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ಬರೇ ಜ್ವಾಳ ಹಾಕಿದ್ರ ಮಷೀನಿನಾಗ ಹರೀತದ್ರಿ. ಎಲ್ಲಾ ಶಾಖೆಗೂ ಮೈದಾನೇ ಹೆಚ್ಚ ಕೂಡಿಸಿದ ಒಂದೇ ಹಿಟ್ಟು ಬರ್ತದ. ಸಾಹೇಬ್ರು ಬಂದಾಗ ಹಿಟ್ಟು ಕೇಳಲೇ ಇಲ್ಲ. ಎಲಿ ಅಂಟಿಸಿ, ಫೋಟೋ ತೆಗಸ್ಕೊಂಡು ಹೋದ್ರು."

ನಾನು ಅನುವಾದಿತ ಕಾದಂಬರಿಗಳನ್ನು ಓದುವವನು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ ಅನುವಾದಕ ಮುನ್ನುಡಿಯಲ್ಲಾದರೂ ಒಪ್ಪಿಕೊಳ್ಳುತ್ತಾನೆ. ಹೋಟೆಲಿನವರು ವ್ಯಾಪಾರಿಗಳು, ಅವರ ಜಾಹೀರಾತನ್ನು ನಾವು ಅರ್ಧವೇ ನಂಬುತ್ತೇವೆ. ಉಳಿದರ್ಧವನ್ನು ನಂಬಿಸಿದ್ದು ನೀವು.

ಆ ಎಲೆಯನ್ನು ಅಂಟಿಸಿದ ಕೈಯಿಂದಲೇ ಕಿತ್ತು, ಹಿಟ್ಟಿನಲ್ಲಿ ಏನೇನಿದೆ ಎಂದು ಅದೇ ಜಾಗದಲ್ಲಿ ಕನ್ನಡದಲ್ಲಿ ಬರೆಸಿರಿ. ಆಮೇಲೆ ವಾಡಿಗೆ ಬನ್ನಿರಿ. ಬಾಗಿದ ರೊಟ್ಟಿಯನ್ನು ತೋರಿಸಿದರೂ ಬಸವೇಶ್ವರಿ, "ಸಾಹೇಬ್ರು ಸುಳ್ಳು ಗುರ್ತು ಹಚ್ತಾರೇನ್ರಿ ಕಾಕಾ?" ಎನ್ನುತ್ತಾಳೆ. ಅವಳು ಇನ್ನೂ ನಿಮ್ಮನ್ನು ನಂಬುತ್ತಾಳೆ. ಬೆರಳು ಉಳಿಯುತ್ತದೋ ಇಲ್ಲವೋ ತಿಳಿಯದು. ಅತ್ತೆ ಬೆಲ್ಲ ಕದ್ದಿಲ್ಲ ಎಂಬುದನ್ನಾದರೂ ನೀವೇ ಅವಳಿಗೆ ಹೇಳಿರಿ.

ಇಂತಿ,
ಅಕ್ಕನ ಕೈಬೆರಳಿಗಿಂತ ನಿಮ್ಮ ಮೊಹರನ್ನು ಹೆಚ್ಚು ನಂಬಿದ ತಮ್ಮ,
ಕಲ್ಯಾಣಪ್ಪ, ವಾಡಿ